ಪರೀಕ್ಷೆಯ ಸುಳಿವರಿತ ಯಂತ್ರ

ನಾನು ಓದಿದ ಹಳ್ಳಿಯ ಶಾಲೆಗೆ ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರ ಸವಾರಿ ಬರುತ್ತಿತ್ತು. ಸವಾರಿಯ ಸುದ್ದಿ ನಾಲ್ಕು ದಿನ ಮೊದಲೇ ತಿಳಿದುಬಿಡುತ್ತಿದ್ದುದರಿಂದ ಗೋಡೆಗೆ ಸುಣ್ಣ, ಅಂಗಳಕ್ಕೆ ಸಾರಣೆ, ಬಾಗಿಲಿಗೆ ಮಾವಿನ ತೋರಣ, ಎಲ್ಲವೂ ಸಿದ್ಧವಾಗಿರುತ್ತಿದ್ದವು. ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಸಿದ್ಧತೆಯೂ ಇತ್ತು. ಹಿಂದಿನ ದಿನ ಸಂಜೆ ನಮ್ಮ ಮೇಷ್ಟ್ರು ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, "ನಾಳೆ ಸಾಹೇಬರು ಪ್ರಶ್ನೆ ಕೇಳಿದ ಕೂಡಲೆ ಎಲ್ಲರೂ ಕೈ ಎತ್ತಬೇಕು ಕಣ್ರೋ. ಉತ್ತರ ಗೊತ್ತಿದ್ದವನು ಬಲಗೈ ಎತ್ತಲಿ, ಗೊತ್ತಿಲ್ಲದವನು ಎಡಗೈ ಎತ್ತಲಿ" ಎಂದು ಅಪ್ಪಣೆ ಕೊಡಿಸುತ್ತಿದ್ದರು. ಮರುದಿನ ಸಾಹೇಬರು ಪ್ರಶ್ನೆ ಕೇಳಿದೊಡನೆ ತರಗತಿಯಲ್ಲಿ ಕೈಗಳ ಕಾಡೇ ಎದ್ದು ನಿಲ್ಲುತ್ತಿತ್ತು. ಮೇಷ್ಟ್ರು ಬಲಗೈ ಎತ್ತಿದ ಒಬ್ಬನನ್ನು ಆರಿಸಿ ಎಬ್ಬಿಸುತ್ತಿದ್ದರು. ಅವನು ಗಿಣಿಯಂತೆ ಒಪ್ಪಿಸುತ್ತಿದ್ದನು. ಸಾಹೇಬರು ಸಂತುಷ್ಟರಾಗಿ, ಶಾಲೆಯ ಪ್ರಗತಿ ತೃಪ್ತಿಕರವಾಗಿದೆಯೆಂದು ಪುಸ್ತಕದಲ್ಲಿ ಬರೆದು, ಎಳನೀರು ಕುಡಿದು ಹೊರಟುಹೋಗುತ್ತಿದ್ದರು.

ಲೆಕ್ಕದ ಪ್ರಶ್ನೆ ಬಂದಾಗಲೆಲ್ಲ ನಾನು ಎಡಗೈ ಎತ್ತಿದವನು. ಆ ಕಾಲಕ್ಕೆ ನನಗೆ ಆ ಉಪಾಯ ಬಹಳ ಸೊಗಸಾಗಿ ಕಂಡಿತ್ತು. ಮೇಷ್ಟ್ರಿಗೆ ಬೈಗುಳ ತಪ್ಪಿತು, ಶಾಲೆಗೆ ಹೆಸರು ಬಂದಿತು, ಸಾಹೇಬರಿಗೆ ಸಂತೋಷವಾಯಿತು; ಇದರಲ್ಲಿ ಯಾರಿಗೆ ತಾನೆ ನಷ್ಟ? ನಷ್ಟವಾದದ್ದು ಎಡಗೈ ಎತ್ತಿದವರಿಗೆ ಎಂಬುದು ನಾನೇ ಉಪಾಧ್ಯಾಯನಾಗಿ, ಪರೀಕ್ಷೆಯ ಕೊಠಡಿಗಳಲ್ಲಿ ವರ್ಷಗಟ್ಟಲೆ ಮೇಲ್ವಿಚಾರಣೆ ಮಾಡಿದ ಮೇಲೆ ತಿಳಿಯಿತು. ಆದರೂ ಇಂಥ ಜಾಣತನ ಮನುಷ್ಯನಿಗೆ ಮಾತ್ರ ಮೀಸಲಾದದ್ದೆಂದು ನಾನು ನಂಬಿದ್ದೆ. ಯಂತ್ರಕ್ಕೆ ಕಪಟ ತಿಳಿಯದು, ಇರುವುದನ್ನು ಇದ್ದಂತೆ ತೋರಿಸುವುದೇ ಅದರ ಧರ್ಮ ಎಂದು ವಿದ್ಯಾರ್ಥಿಗಳಿಗೆ ಹೇಳಿಯೂ ಇದ್ದೆ. ಆ ಮಾತನ್ನು ನಾನು 2015ನೆಯ ಇಸವಿಯಲ್ಲಿ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಎರಡು ನಡತೆಯ ಕಾರು

ಆ ವರ್ಷದ ಸೆಪ್ಟೆಂಬರ್ 18ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಪರಿಸರ ಸಂರಕ್ಷಣಾ ಸಂಸ್ಥೆಯು ಜರ್ಮನಿಯ ಸುಪ್ರಸಿದ್ಧ ವೋಕ್ಸ್‌ವ್ಯಾಗನ್ ಕಂಪನಿಗೆ ಒಂದು ನೋಟೀಸು ಕೊಟ್ಟಿತು. 2009ರಿಂದ 2015ರವರೆಗಿನ ಮಾದರಿಗಳಲ್ಲಿ ಆ ಕಂಪನಿ ಅಮೆರಿಕದಲ್ಲಿ ಮಾರಿದ ಸುಮಾರು 4,82,000 ಡೀಸೆಲ್ ಕಾರುಗಳು ಪ್ರಯೋಗಶಾಲೆಯಲ್ಲಿ ಒಂದು ಬಗೆಯಾಗಿಯೂ ಬೀದಿಯಲ್ಲಿ ಮತ್ತೊಂದು ಬಗೆಯಾಗಿಯೂ ನಡೆದುಕೊಳ್ಳುತ್ತವೆ. ಬೀದಿಯಲ್ಲಿ ಅವು ಉಗುಳುವ ಸಾರಜನಕದ ಆಕ್ಸೈಡುಗಳು ಕಾನೂನಿನ ಮಿತಿಗಿಂತ 40 ಪಟ್ಟಿನವರೆಗೂ ಹೆಚ್ಚಾಗಿವೆ, ಎಂಬುದು ಅದರ ಸಾರಾಂಶ. ಕೆಲವೇ ದಿನಗಳಲ್ಲಿ ಕಂಪನಿಯು ತಾನಾಗಿ, ಪ್ರಪಂಚದಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಈ ಬಗೆಯ ತಂತ್ರಾಂಶವಿದೆಯೆಂದು ಒಪ್ಪಿಕೊಂಡಿತು. ಸೆಪ್ಟೆಂಬರ್ 23ರಂದು ಅದರ ಮುಖ್ಯಾಧಿಕಾರಿ ಮಾರ್ಟಿನ್ ವಿಂಟರ್‌ಕಾರ್ನ್ ಅವರು, ತಮ್ಮ ಕಡೆಯಿಂದ ತಪ್ಪು ನಡೆದದ್ದು ತಮಗೆ ತಿಳಿಯದೆಂದು ಹೇಳಿ ರಾಜೀನಾಮೆಯಿತ್ತರು.

ಕಾರು ತಾನು ಪರೀಕ್ಷೆಯಲ್ಲಿದ್ದೇನೆಂಬುದನ್ನು ಅರಿಯುವುದಾದರೂ ಹೇಗೆ? ಅದರ ಉತ್ತರ ನಮ್ಮ ಮೇಷ್ಟ್ರ ಉಪಾಯದಷ್ಟೇ ಸರಳವಾಗಿದೆ. ಹೊಗೆಯ ಪರೀಕ್ಷೆಯನ್ನು ದಾರಿಯ ಮೇಲೆ ಮಾಡುತ್ತಿರಲಿಲ್ಲ. ಪ್ರಯೋಗಶಾಲೆಯೊಳಗೆ ಉರುಳೆಗಳ ಮೇಲೆ ಕಾರನ್ನು ನಿಲ್ಲಿಸುತ್ತಾರೆ. ಗಾಲಿಗಳು ತಿರುಗುತ್ತವೆ, ಕಾರು ನಿಂತಲ್ಲೇ ನಿಂತಿರುತ್ತದೆ. ಯಾವ ಸೆಕೆಂಡಿನಲ್ಲಿ ಎಷ್ಟು ವೇಗ, ಎಲ್ಲಿ ನಿಲುಗಡೆ ಎಂಬ ವೇಳಾಪಟ್ಟಿ ಮೊದಲೇ ಅಚ್ಚಾಗಿರುತ್ತದೆ. ಅದು ಕಾರು ಮಾಡುವವರಿಗೂ ತಿಳಿದಿರುತ್ತದೆ. ಅಷ್ಟು ಹೊತ್ತೂ ಚಾಲಕನ ಕೈಯ ಚಕ್ರ ಅಲುಗುವುದಿಲ್ಲ. ತಿರುವಿಲ್ಲದ, ಹಳ್ಳವಿಲ್ಲದ, ಅಡ್ಡ ಬರುವ ದನವಿಲ್ಲದ ದಾರಿ ಭೂಮಿಯ ಮೇಲೆ ಎಲ್ಲಿಯೂ ಇಲ್ಲವಷ್ಟೆ? ಚಕ್ರದ ಸ್ಥಿತಿ, ಗಾಡಿಯ ವೇಗ, ಇಂಜಿನು ಓಡಿದ ಅವಧಿ, ಗಾಳಿಯ ಒತ್ತಡ, ಈ ನಾಲ್ಕನ್ನು ಒಟ್ಟಿಗೆ ನೋಡಿ ಕಾರಿನೊಳಗಿನ ಪುಟ್ಟ ಗಣಕಯಂತ್ರವು "ಇದು ಪರೀಕ್ಷೆ" ಎಂದು ನಿಶ್ಚಯಿಸುತ್ತಿತ್ತೆಂದು ಆ ನೋಟೀಸಿನಲ್ಲಿಯೇ ಹೇಳಿದೆ. ನಿಶ್ಚಯವಾದೊಡನೆ ಹೊಗೆಯನ್ನು ಶುದ್ಧಿಗೊಳಿಸುವ ಉಪಕರಣಗಳೆಲ್ಲ ಪೂರ್ಣಶಕ್ತಿಯಿಂದ ಕೆಲಸ ಮಾಡುತ್ತಿದ್ದವು. ಕಾರು ಬೀದಿಗಿಳಿದು ಮೊದಲನೆಯ ತಿರುವನ್ನು ತೆಗೆದುಕೊಂಡಿತೋ ಇಲ್ಲವೋ, ಆ ಶುದ್ಧಿಯ ಕೆಲಸ ಸಡಿಲವಾಗುತ್ತಿತ್ತು. ಸಾಹೇಬರ ಮುಂದೆ ಬಲಗೈ. ಉಳಿದ ದಿನವೆಲ್ಲ ಎಡಗೈ.

ಡೀಸೆಲ್ ಇಂಜಿನಿನ ಇಕ್ಕಟ್ಟು

ಇಷ್ಟು ಬುದ್ಧಿಯನ್ನು ಮೋಸಕ್ಕೆ ವ್ಯಯಿಸುವುದಕ್ಕಿಂತ ಹೊಗೆಯನ್ನು ಶುದ್ಧಿಮಾಡುವುದಕ್ಕೇ ವ್ಯಯಿಸಬಾರದಿತ್ತೆ, ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ತಿಳಿಯಬೇಕಾದರೆ ಈ ಇಂಜಿನಿನ ಸ್ವಭಾವವನ್ನು ಸ್ವಲ್ಪ ಅರಿಯಬೇಕು.

ಸೈಕಲ್ಲಿಗೆ ಗಾಳಿ ಹೊಡೆದವರೆಲ್ಲರಿಗೂ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಬಹಳವಾಗಿ ಒತ್ತಿದರೆ ಬಹಳವಾಗಿ ಕಾಯುತ್ತದೆ. ಹಾಗೆ ಕಾದ ಗಾಳಿಯೊಳಕ್ಕೆ ಎಣ್ಣೆಯನ್ನು ಸಿಂಪಡಿಸಿದರೆ ಕಿಡಿಯ ಹಂಗಿಲ್ಲದೆಯೇ ಅದು ಹೊತ್ತಿಕೊಳ್ಳುತ್ತದೆ. ಈ ತತ್ತ್ವವನ್ನು ಹಿಡಿದು ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರು 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ತನ್ನ ಇಂಜಿನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದನು. 1913ರ ಸೆಪ್ಟೆಂಬರಿನ ಒಂದು ರಾತ್ರಿ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಅವನು ಕಾಣೆಯಾದನು. ಅವನ ಇಂಜಿನು ಮಾತ್ರ ಹಡಗು, ರೈಲು, ಲಾರಿ, ಬಸ್ಸು, ನೀರೆತ್ತುವ ಪಂಪು ಎಲ್ಲದರೊಳಗೂ ಹೊಕ್ಕು ಲೋಕವನ್ನು ವ್ಯಾಪಿಸಿತು. ಪೆಟ್ರೋಲಿನ ಇಂಜಿನಿಗಿಂತ ಇದು ಕಡಿಮೆ ಎಣ್ಣೆಯಲ್ಲಿ ಹೆಚ್ಚು ದೂರ ಓಡುತ್ತದೆ. ಭೂಮಿಯ ತಾಪವನ್ನು ಏರಿಸುವ ಇಂಗಾಲದ ಡೈಆಕ್ಸೈಡನ್ನು ಕಡಿಮೆ ಬಿಡುತ್ತದೆಂಬ ಕಾರಣಕ್ಕಾಗಿಯೇ ಯೂರೋಪಿನ ಸರಕಾರಗಳು ತೆರಿಗೆಯ ರಿಯಾಯಿತಿಯಿತ್ತು ಡೀಸೆಲ್ ಕಾರುಗಳನ್ನು ಪ್ರೋತ್ಸಾಹಿಸಿದವು. ಈ ಶತಮಾನದ ಎರಡನೆಯ ದಶಕದ ಆರಂಭದ ಹೊತ್ತಿಗೆ ಅಲ್ಲಿ ಮಾರಾಟವಾಗುತ್ತಿದ್ದ ಹೊಸ ಕಾರುಗಳಲ್ಲಿ ಅರ್ಧದಷ್ಟು ಡೀಸೆಲಿನವೇ ಆಗಿದ್ದವು.

ಆದರೆ ಗುಣವಿದ್ದಲ್ಲೇ ದೋಷವೂ ಇದೆ. ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ. ಅದು ಸಾಧು ಅನಿಲ. ಯಾರ ಗೊಡವೆಗೂ ಹೋಗುವುದಿಲ್ಲ. ಆದರೆ ಡೀಸೆಲ್ ಇಂಜಿನಿನ ಉರಿಯಲ್ಲಿ ಅದು ತನ್ನ ಸಾಧುತನವನ್ನು ಬಿಟ್ಟು ಆಮ್ಲಜನಕದೊಡನೆ ಕೂಡಿಕೊಳ್ಳುತ್ತದೆ. ಹೀಗೆ ಹುಟ್ಟುವ ಸಾರಜನಕದ ಆಕ್ಸೈಡುಗಳು ಕಂಠವನ್ನೂ ಶ್ವಾಸನಾಳವನ್ನೂ ಕೆರಳಿಸುವ ವಿಷಗಳು. ಉರಿಯನ್ನು ತಗ್ಗಿಸಿದರೆ ಆಕ್ಸೈಡುಗಳು ಕಡಿಮೆಯಾಗುತ್ತವೆ, ಆದರೆ ಎಣ್ಣೆ ಅರೆಬೆಂದು ಮಸಿ ಹೆಚ್ಚುತ್ತದೆ. ಉರಿಯನ್ನು ಏರಿಸಿದರೆ ಮಸಿ ಕಡಿಮೆಯಾಗುತ್ತದೆ, ಆಕ್ಸೈಡು ಹೆಚ್ಚುತ್ತದೆ. ಅತ್ತ ದರಿ, ಇತ್ತ ಪುಲಿ.

ಈ ಇಕ್ಕಟ್ಟಿನಿಂದ ಪಾರಾಗುವ ದಾರಿಗಳು ಇಲ್ಲದೆ ಇಲ್ಲ. ಆಕ್ಸೈಡುಗಳನ್ನು ಒಂದು ಬಲೆಯಲ್ಲಿ ಹಿಡಿದಿಟ್ಟು ಆಗಾಗ ಹೆಚ್ಚುವರಿ ಎಣ್ಣೆಯನ್ನು ಉರಿಸಿ ಅದನ್ನು ತೊಳೆಯುವುದು ಒಂದು ದಾರಿ. ನಮ್ಮ ರೈತರು ಗದ್ದೆಗೆ ಎರಚುವ ಯೂರಿಯವನ್ನೇ ಶುದ್ಧ ನೀರಿನಲ್ಲಿ ಕರಗಿಸಿ ಹೊಗೆಯೊಳಕ್ಕೆ ಚಿಮುಕಿಸಿ, ಆಕ್ಸೈಡನ್ನು ಮತ್ತೆ ಸಾಧು ಸಾರಜನಕವನ್ನಾಗಿಯೂ ನೀರಾವಿಯನ್ನಾಗಿಯೂ ಮಾಡುವುದು ಇನ್ನೊಂದು. ಎರಡೂ ಸಾಧ್ಯವೇ. ಆದರೆ ಮೊದಲನೆಯದಕ್ಕೆ ಎಣ್ಣೆ ಖರ್ಚು. ಎರಡನೆಯದಕ್ಕೆ ಪ್ರತ್ಯೇಕ ತೊಟ್ಟಿ, ಅದನ್ನು ಮತ್ತೆ ಮತ್ತೆ ತುಂಬುವ ತೊಂದರೆ, ಹೆಚ್ಚಿನ ಬೆಲೆ. ಅಗ್ಗವೂ ಆಗಬೇಕು, ಚುರುಕೂ ಆಗಬೇಕು, ಎಣ್ಣೆಯೂ ಉಳಿಯಬೇಕು, ಅಮೆರಿಕದ ಕಟ್ಟುನಿಟ್ಟಾದ ಮಿತಿಯೊಳಗೂ ಇರಬೇಕು ಎಂದರೆ ಇಂಜಿನಿಯರುಗಳಿಗೆ ಸಾಧ್ಯವಾಗಲಿಲ್ಲ. ಸಾಧ್ಯವಾಗಲಿಲ್ಲವೆಂದು ಮೇಲಿನವರ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಎಡಗೈ ಎತ್ತುವುದು ಸುಲಭವಾಗಿ ತೋರಿತು. ಆ ಕಾರುಗಳು "ಶುದ್ಧ ಡೀಸೆಲ್" ಎಂಬ ಜಾಹೀರಾತಿನೊಡನೆ ಮಾರಾಟವಾದವು. ಅವುಗಳಲ್ಲಿ ಒಂದಾದ ಜೆಟ್ಟಾ ಕಾರಿಗೆ ಅಮೆರಿಕದ ಪತ್ರಿಕೆಯೊಂದು 2009ರ "ವರ್ಷದ ಹಸಿರು ಕಾರು" ಎಂಬ ಬಿರುದನ್ನೂ ಕೊಟ್ಟಿತು. 2015ರಲ್ಲಿ ಆ ಬಿರುದನ್ನು ಹಿಂದಕ್ಕೆ ತೆಗೆದುಕೊಳ್ಳಲಾಯಿತು.

ದಾರಿಯ ಮೇಲೆ ಹಿಡಿದ ಲೆಕ್ಕ

ಈ ಕಪಟವನ್ನು ಹೊರಗೆಡವಿದವರು ಪತ್ತೇದಾರರಲ್ಲ. ವಿಚಾರಿಸಿ ನೋಡಿದರೆ, ಅವರು ಕಳ್ಳನನ್ನು ಹಿಡಿಯಲು ಹೊರಟವರೇ ಅಲ್ಲ. ಯೂರೋಪಿನ ಡೀಸೆಲ್ ಕಾರುಗಳು ದಾರಿಯ ಮೇಲೆ ಹೆಚ್ಚು ಹೊಲಸನ್ನು ಬಿಡುತ್ತವೆಂಬುದು ಅಷ್ಟರಲ್ಲಿ ತಿಳಿದಿತ್ತು. ಅಮೆರಿಕದ ಕಾನೂನು ಇನ್ನೂ ಬಿಗಿಯಾದದ್ದು. ಯೂರೋಪಿನ ಅಂದಿನ ಮಿತಿ ಕಿಲೋಮೀಟರಿಗೆ 0.18 ಗ್ರಾಂ ಇದ್ದರೆ ಅಮೆರಿಕದ ಮಿತಿ ಸುಮಾರು 0.043 ಗ್ರಾಂ. ಹೀಗಿರಲಾಗಿ ಅಮೆರಿಕದಲ್ಲಿ ಮಾರುವ ಡೀಸೆಲ್ ಕಾರು ಶುದ್ಧವಾಗಿಯೇ ಇರಬೇಕು. ಅದನ್ನು ಅಳೆದು ತೋರಿಸಿದರೆ ಯೂರೋಪಿನವರಿಗೆ ಒಂದು ಮೇಲ್ಪಂಕ್ತಿಯಾದೀತು. ಇದು ಶುದ್ಧ ಸಾರಿಗೆಯನ್ನು ಕುರಿತು ಅಭ್ಯಾಸ ಮಾಡುವ ಒಂದು ಅಂತರರಾಷ್ಟ್ರೀಯ ಮಂಡಲಿಯವರ ಎಣಿಕೆ. ಅವರು ಈ ಕೆಲಸವನ್ನು ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯದ ಒಂದು ಸಣ್ಣ ಪ್ರಯೋಗಶಾಲೆಗೆ ಒಪ್ಪಿಸಿದರು.

ಆ ಪ್ರಯೋಗಶಾಲೆಗೆ ಇಂಥ ಕೆಲಸದ ಪೂರ್ವಸಂಸ್ಕಾರವಿತ್ತು. 1998ರಲ್ಲಿಯೇ ಅಮೆರಿಕದಲ್ಲಿ ದೊಡ್ಡ ಲಾರಿಗಳ ಇಂಜಿನು ಮಾಡುವ ಏಳು ಕಂಪನಿಗಳು ಹೆಚ್ಚುಕಡಮೆ ಇದೇ ಬಗೆಯ ಉಪಾಯಕ್ಕಾಗಿ ಸಿಕ್ಕಿಬಿದ್ದು ರಾಜಿ ಮಾಡಿಕೊಂಡಿದ್ದವು. ಆಗ, ಓಡುವ ಗಾಡಿಯ ಮೇಲೆಯೇ ಹೊತ್ತು ಸಾಗಿಸಬಹುದಾದ ಅಳತೆಯ ಉಪಕರಣಗಳನ್ನು ರೂಪಿಸಿದವರಲ್ಲಿ ಈ ವಿಶ್ವವಿದ್ಯಾಲಯದವರೂ ಇದ್ದರು. ಡೇನಿಯಲ್ ಕಾರ್ಡರ್ ಎಂಬವರು ಮುಖ್ಯಸ್ಥರು. ಅವರ ಜೊತೆಗೆ ಮಾರ್ಕ್ ಬೆಶ್, ಅರವಿಂದ್ ತಿರುವೆಂಗಡಂ, ಹೇಮಂತ್ ಕಪ್ಪಣ್ಣ. ಈ ಕಡೆಯವರು ನಮ್ಮ ಬೆಂಗಳೂರಿನವರು ಎಂಬುದನ್ನು ಓದಿದಾಗ ನನಗೆ ಆದ ಹಿಗ್ಗನ್ನು ನಾನೇಕೆ ಮುಚ್ಚಿಡಲಿ? ಮುಂದೆ ಅವರು ಅಲ್ಲಿಯ ಇನ್ನೊಂದು ದೊಡ್ಡ ಮೋಟಾರು ಕಂಪನಿಯಲ್ಲಿ ಇದೇ ಹೊಗೆಯ ವಿಭಾಗದಲ್ಲಿದ್ದು, 2019ರ ಸಾಮೂಹಿಕ ಕಡಿತದಲ್ಲಿ ಕೆಲಸ ಹೋಗಿ ಊರಿಗೆ ಮರಳಿದರೆಂದು ಪತ್ರಿಕೆಗಳಲ್ಲಿ ಬಂದಿತು. ಲೋಕಕ್ಕೆ ಉಪಕಾರ ಮಾಡಿದವರಿಗೆ ಲೋಕವು ತೀರಿಸುವ ಋಣ ಹಲವು ಬಗೆಯಾಗಿರುತ್ತದೆ.

2013ರಲ್ಲಿ ಈ ತಂಡದವರು ಕ್ಯಾಲಿಫೋರ್ನಿಯದಲ್ಲಿ ಮೂರು ಡೀಸೆಲ್ ಕಾರುಗಳನ್ನು ಸಂಪಾದಿಸಿದರು: ಒಂದು ಜೆಟ್ಟಾ, ಒಂದು ಪಸಾಟ್, ಮತ್ತೊಂದು ಬೇರೆ ಕಂಪನಿಯಾದ ಬಿ.ಎಂ.ಡಬ್ಲ್ಯು.ದ ಗಾಡಿ. ಹಿಂದುಗಡೆಯ ಹೊಗೆಯ ನಳಿಗೆಗೆ ಕೊಳವೆ ಕಟ್ಟಿ, ಅಳತೆಯ ಪೆಟ್ಟಿಗೆಗಳನ್ನು ಕಾರಿನಲ್ಲೇ ಹೇರಿಕೊಂಡು ನಗರದ ಬೀದಿಗಳಲ್ಲಿ, ಹೆದ್ದಾರಿಯಲ್ಲಿ, ಬೆಟ್ಟದ ಏರುದಾರಿಯಲ್ಲಿ ಓಡಿಸಿದರು. ಪಸಾಟನ್ನು ಲಾಸ್ ಏಂಜಲೀಸಿನಿಂದ ಸಿಯಾಟಲ್ ನಗರದವರೆಗೆ ಒಯ್ದು ಹಿಂದಕ್ಕೆ ತಂದರು; ಹೋಗಿ ಬಂದ ದಾರಿ ಸುಮಾರು 4,000 ಕಿಲೋಮೀಟರು. ಬಿ.ಎಂ.ಡಬ್ಲ್ಯು. ಬಹುಮಟ್ಟಿಗೆ ಮಿತಿಯೊಳಗೇ ಇತ್ತು. ಜೆಟ್ಟಾ ಮಿತಿಗಿಂತ 15ರಿಂದ 35 ಪಟ್ಟು, ಪಸಾಟ್ 5ರಿಂದ 20 ಪಟ್ಟು ಉಗುಳಿದವು. ಉಪಕರಣವೇ ಕೆಟ್ಟಿರಬೇಕೆಂದು ತಂಡದವರು ಅದನ್ನು ಮತ್ತೆ ಮತ್ತೆ ಸರಿನೋಡಿದರು. ಉಪಕರಣ ಕೆಟ್ಟಿರಲಿಲ್ಲ. ಇವೇ ಕಾರುಗಳು ಕ್ಯಾಲಿಫೋರ್ನಿಯದ ವಾಯು ಸಂಪನ್ಮೂಲ ಮಂಡಲಿಯ ಪ್ರಯೋಗಶಾಲೆಯ ಉರುಳೆಗಳ ಮೇಲೆ ನಿಂತಾಗ ಮಾತ್ರ ಸಾಧುಗಳಾಗಿ ತೇರ್ಗಡೆಯಾಗಿದ್ದವು.

2014ರ ಮೇ ತಿಂಗಳಲ್ಲಿ ವರದಿ ಪ್ರಕಟವಾಯಿತು. ಅದರಲ್ಲಿ ಕಂಪನಿಯ ಹೆಸರನ್ನು ಹೇಳಿರಲಿಲ್ಲ, ಮೋಸವೆಂಬ ಮಾತೂ ಇರಲಿಲ್ಲ. ಅಂಕಿಗಳು ಮಾತ್ರ ಇದ್ದವು. ಅಧಿಕಾರಿಗಳು ಕಾರಣ ಕೇಳಿದರು. ಕಂಪನಿಯವರು ಒಂದು ವರ್ಷಕ್ಕೂ ಮಿಗಿಲಾಗಿ ತಾಂತ್ರಿಕ ದೋಷವೆಂದು ಹೇಳಿದರು. ಕಾರುಗಳನ್ನು ಹಿಂದಕ್ಕೆ ಕರೆಸಿ ರಿಪೇರಿ ಮಾಡಿದೆವೆಂದರು. ರಿಪೇರಿಯಾದ ಕಾರುಗಳನ್ನು ಅಳೆದರೆ ಹೇಳುವಂಥ ಸುಧಾರಣೆ ಕಾಣಲಿಲ್ಲ. ಸಮಾಧಾನಕರವಾದ ಉತ್ತರ ಬರುವವರೆಗೆ ಮುಂದಿನ ವರ್ಷದ ಮಾದರಿಗಳಿಗೆ ಪ್ರಮಾಣಪತ್ರವಿಲ್ಲವೆಂದು ಅಧಿಕಾರಿಗಳು ಪಟ್ಟುಹಿಡಿದ ಮೇಲೆ, 2015ರ ಸೆಪ್ಟೆಂಬರ್ 3ರಂದು, ಕಂಪನಿ ನಿಜವನ್ನು ಒಪ್ಪಿಕೊಂಡಿತು.

ಉಸಿರಿನ ಲೆಕ್ಕ

ಆ ಮಂಡಲಿಯ ಪ್ರಯೋಗಶಾಲೆ ಲಾಸ್ ಏಂಜಲೀಸಿನ ಬಳಿಯ ಎಲ್ ಮಾಂಟೆಯಲ್ಲಿತ್ತು. ಅದಕ್ಕೆ ಹಾಗೆನ್‌ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞರ ಹೆಸರನ್ನಿಟ್ಟಿದ್ದರು. ಡಚ್ ಮೂಲದ ಈ ವಿದ್ವಾಂಸರು ಮೊದಲು ಅನಾನಸ್ ಹಣ್ಣಿನ ಪರಿಮಳವನ್ನು ಕುರಿತು ಸಂಶೋಧನೆ ಮಾಡುತ್ತಿದ್ದವರು. ಲಾಸ್ ಏಂಜಲೀಸಿನ ಜನ 1943ರಿಂದಲೂ ಕಣ್ಣು ಉರಿಸುವ ಒಂದು ಮಬ್ಬಿನಿಂದ ಪೀಡಿತರಾಗಿದ್ದರು. ಹಣ್ಣಿನ ಪರಿಮಳವನ್ನು ಹಿಡಿದ ಅದೇ ವಿದ್ಯೆಯಿಂದ ಹಾಗೆನ್‌ಸ್ಮಿಟ್ಟರು ಊರಿನ ಗಾಳಿಯನ್ನು ಹಿಡಿದು ಪರಿಶೀಲಿಸಿದರು. ಮೋಟಾರಿನ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳೂ ಉರಿಯದೆ ಉಳಿದ ಎಣ್ಣೆಯ ಆವಿಯೂ ಬಿಸಿಲಿನಲ್ಲಿ ಕೂಡಿ ಓಜೋನನ್ನು ಹುಟ್ಟಿಸುತ್ತವೆಂದೂ, ಆ ಮಬ್ಬಿಗೆ ಅದೇ ಕಾರಣವೆಂದೂ ಅವರು 1950ರ ದಶಕದ ಆದಿಯಲ್ಲಿ ತೋರಿಸಿಕೊಟ್ಟರು. ಮೋಟಾರಿನ ಹಿಂದೆ ಕಾಣುವ ಕರಿಯ ಹೊಗೆಯಷ್ಟೇ ಶತ್ರುವಲ್ಲ, ಕಾಣದ ಅನಿಲವೂ ಶತ್ರು ಎಂಬುದು ಲೋಕಕ್ಕೆ ಅರಿವಾದದ್ದು ಹೀಗೆ.

ಆ ಶತ್ರು ಒಳಹೊಕ್ಕು ಏನು ಮಾಡುತ್ತಾನೆ? ಲಂಡನ್ನಿನಲ್ಲಿ ಒಂದು ಸರಳವಾದ ಪರೀಕ್ಷೆ ನಡೆಯಿತು. ಅದರ ಫಲ 2007ರಲ್ಲಿ ಪ್ರಕಟವಾಯಿತು. ಉಬ್ಬಸವಿದ್ದ 60 ಮಂದಿಯನ್ನು ಒಂದು ದಿನ ಆಕ್ಸ್‌ಫರ್ಡ್ ಬೀದಿಯಲ್ಲಿ ಎರಡು ಗಂಟೆ ನಡೆಸಿದರು. ಡೀಸೆಲಿನ ಬಸ್ಸು ಟ್ಯಾಕ್ಸಿಗಳಿಗೆ ಮಾತ್ರ ಪ್ರವೇಶವಿದ್ದ ಬೀದಿ ಅದು. ಇನ್ನೊಂದು ದಿನ ಅವರನ್ನೇ ಹತ್ತಿರದ ಹೈಡ್ ಪಾರ್ಕಿನಲ್ಲಿ ಅಷ್ಟೇ ಹೊತ್ತು ನಡೆಸಿದರು. ನಡೆದ ಜನ ಒಬ್ಬರೇ, ನಡಿಗೆಯೂ ಒಂದೇ. ಬೇರೆಯಾಗಿದ್ದದ್ದು ಗಾಳಿ ಮಾತ್ರ. ಬೀದಿಯಲ್ಲಿ ನಡೆದ ದಿನ ಅವರ ಶ್ವಾಸಕೋಶದ ಶಕ್ತಿ ಸ್ಪಷ್ಟವಾಗಿ ಕುಗ್ಗಿತ್ತು. ಕುಗ್ಗಿದ್ದು ಶೇಕಡಾ 6ರವರೆಗೆ. ಮಸಿಯ ವಿಷಯ ಇನ್ನೂ ಘೋರವಾದದ್ದು. ಡೀಸೆಲ್ ಮಸಿಯ ಕಣಗಳು ತಲೆಗೂದಲಿನ ದಪ್ಪಕ್ಕೆ ಹೋಲಿಸಿದರೆ ನೂರಾರು ಪಾಲು ಚಿಕ್ಕವು. ಮೂಗು ಗಂಟಲುಗಳ ಕಾವಲನ್ನು ದಾಟಿ ಶ್ವಾಸಕೋಶದ ತಳವನ್ನು ಮುಟ್ಟುತ್ತವೆ. ಅಮೆರಿಕದ ಎಂಟು ಗಣಿಗಳ 12,000ಕ್ಕೂ ಮಿಗಿಲಾದ ಕಾರ್ಮಿಕರನ್ನು ಕುರಿತ ದೀರ್ಘಕಾಲದ ಅಧ್ಯಯನವು 2012ರಲ್ಲಿ ಬೆಳಕು ಕಂಡಿತು. ಡೀಸೆಲ್ ಹೊಗೆಯನ್ನು ಹೆಚ್ಚು ಕುಡಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೆಂದು ಅದು ತೋರಿಸಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು.

ಇದನ್ನು ಅಲ್ಲಗಳೆಯುವ ಪ್ರಯತ್ನವೊಂದು ನಡೆದ ಬಗೆಯನ್ನು ಇಲ್ಲಿ ಹೇಳಲೇಬೇಕು. 2014ರಲ್ಲಿ ಅಮೆರಿಕದ ಆಲ್ಬುಕರ್ಕಿ ನಗರದ ಪ್ರಯೋಗಶಾಲೆಯೊಂದರಲ್ಲಿ ಹತ್ತು ಕೋತಿಗಳನ್ನು ಗಾಜಿನ ಗೂಡುಗಳಲ್ಲಿ ಕೂರಿಸಿ, ಹೊಸ ವೋಕ್ಸ್‌ವ್ಯಾಗನ್ ಡೀಸೆಲ್ ಕಾರೊಂದರ ಹೊಗೆಯನ್ನು ಗಾಳಿಯೊಡನೆ ಬೆರೆಸಿ ಉಸಿರಾಡಿಸಿದರು. ಕೋತಿಗಳು ಗಲಾಟೆ ಮಾಡದಿರಲೆಂದು ಅವುಗಳ ಮುಂದೆ ಮಕ್ಕಳ ಚಿತ್ರಗಳನ್ನು ಓಡಿಸಿದ್ದರು. ಹೊಸ ಡೀಸೆಲ್ ನಿರಪಾಯವೆಂದು ಸಿದ್ಧಪಡಿಸುವುದು ಉದ್ದೇಶ. ಹಣ ಜರ್ಮನಿಯ ಕಾರು ಕಂಪನಿಗಳು ಸ್ಥಾಪಿಸಿದ್ದ ಸಂಘದ್ದು. ಈ ಸಂಗತಿ 2018ರ ಜನವರಿಯಲ್ಲಿ ಬಯಲಾದಾಗ ಜರ್ಮನಿಯ ಸರಕಾರವೇ ಅದನ್ನು ಖಂಡಿಸಿತು. ಆ ಪ್ರಯೋಗಕ್ಕೆ ತಂದ ಕಾರಿನೊಳಗೂ ಪರೀಕ್ಷೆಯ ಸುಳಿವರಿಯುವ ಅದೇ ತಂತ್ರಾಂಶವಿತ್ತು. ಕೋತಿಗಳಿಗೂ ಪರೀಕ್ಷೆಯ ದಿನದ ಹೊಗೆ ಸಿಕ್ಕಿತೇ ಹೊರತು ಬೀದಿಯ ಮಕ್ಕಳಿಗೆ ಸಿಕ್ಕುವ ಹೊಗೆಯಲ್ಲ.

ಹೆಸರಿಲ್ಲದ ನಷ್ಟ

ಹಣ ಕದ್ದರೆ ಕಳೆದುಕೊಂಡವನು ಫಿರ್ಯಾದು ಕೊಡುತ್ತಾನೆ. ಉಸಿರನ್ನು ಕದ್ದರೆ ಕೊಡುವವರಾರು? ಮುದುಕನೊಬ್ಬ ಎರಡು ವರ್ಷ ಮುಂಚೆ ಸಾಯುತ್ತಾನೆ. ಮಗುವೊಂದು ರಾತ್ರಿಯೆಲ್ಲ ಕೆಮ್ಮುತ್ತದೆ. ಇಂಥ ಕಾರಿನ ಇಂಥ ಹೊಗೆಯಿಂದ ಎಂದು ಯಾವ ವೈದ್ಯನೂ ಬೆರಳು ಮಾಡಿ ತೋರಿಸಲಾರನು. ಗಣಿತದ ಮೂಲಕ ಮಾತ್ರ ಅಂದಾಜು ಮಾಡಬಹುದು. ಅಮೆರಿಕದಲ್ಲಿ 2008ರಿಂದ 2015ರವರೆಗೆ ಈ ಕಾರುಗಳ ಹೆಚ್ಚುವರಿ ಹೊಗೆಯಿಂದ ಸುಮಾರು 59 ಅಕಾಲ ಮರಣಗಳಾಗಿರಬಹುದೆಂದು ಅಲ್ಲಿಯ ವಿದ್ವಾಂಸರು 2015ರಲ್ಲಿ ಲೆಕ್ಕ ಹಾಕಿದರು. 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಇನ್ನೊಂದು ಲೇಖನವು ಭಾರತವೂ ಸೇರಿದಂತೆ 11 ದೊಡ್ಡ ಮಾರುಕಟ್ಟೆಗಳ ಕಾರು, ಬಸ್ಸು, ಲಾರಿಗಳನ್ನೆಲ್ಲ ಗಣಿಸಿತು. ಮಿತಿಯನ್ನು ಮೀರಿ ಬಿಟ್ಟ ಸಾರಜನಕದ ಆಕ್ಸೈಡುಗಳಿಂದಲೇ 2015ನೆಯ ಒಂದು ವರ್ಷದಲ್ಲಿ ಸುಮಾರು 38,000 ಅಕಾಲ ಮರಣಗಳಾದವೆಂದು ಅದರ ಅಂದಾಜು. ಇದೆಲ್ಲವೂ ಒಂದು ಕಂಪನಿಯ ಕಪಟದ ಫಲವಲ್ಲ. ಕಪಟವಿಲ್ಲದೆಯೂ, ಸಡಿಲವಾದ ಪರೀಕ್ಷೆಯ ಮರೆಯಲ್ಲಿ, ಪ್ರಪಂಚದ ಬಹುಪಾಲು ಗಾಡಿಗಳು ಬೀದಿಯಲ್ಲಿ ಬೇರೆಯಾಗಿಯೇ ನಡೆದುಕೊಳ್ಳುತ್ತಿದ್ದವು. ಸತ್ತವರ ಸಂಖ್ಯೆ ಮಾತ್ರ ನಮ್ಮ ಮುಂದಿದೆ; ಅವರಲ್ಲಿ ಯಾರೊಬ್ಬರ ಹೆಸರೂ ಇಲ್ಲ.

ವಾಹನಗಳ ಹೊಗೆಗೆ ತುತ್ತಾದವರಲ್ಲಿ ಒಂದು ಹೆಸರು ಮಾತ್ರ ದಾಖಲೆಗೆ ಬಂದಿದೆ. ಲಂಡನ್ನಿನ ಆಗ್ನೇಯ ಭಾಗದಲ್ಲಿ, ವಾಹನಗಳು ಎಡೆಬಿಡದೆ ಹರಿಯುವ ಸೌತ್ ಸರ್ಕ್ಯುಲರ್ ರಸ್ತೆಯ ಸಮೀಪದಲ್ಲಿ ಎಲ್ಲಾ ಅಡೂ ಕಿಸ್ಸಿ ಡೆಬ್ರಾ ಎಂಬ ಹುಡುಗಿಯಿದ್ದಳು. ಕಠಿಣವಾದ ಉಬ್ಬಸದಿಂದ ಮತ್ತೆ ಮತ್ತೆ ಆಸ್ಪತ್ರೆ ಸೇರುತ್ತಿದ್ದ ಅವಳು 2013ರ ಫೆಬ್ರವರಿಯಲ್ಲಿ ತೀರಿಕೊಂಡಳು. ಆಗ ಅವಳಿಗೆ ಒಂಬತ್ತು ವರ್ಷ. ಅವಳ ತಾಯಿ ರೊಸಮಂಡ್ ಅವರು ವೃತ್ತಿಯಿಂದ ಶಿಕ್ಷಕಿಯಾಗಿದ್ದವರು. ಮಗಳು ಸತ್ತದ್ದೇಕೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಆ ತಾಯಿ ವರ್ಷಗಟ್ಟಲೆ ಹೋರಾಡಿದರು. ಮೊದಲಿನ ತೀರ್ಪು ರದ್ದಾಗಿ ಎರಡನೆಯ ಸಲ ವಿಚಾರಣೆ ನಡೆಯಿತು. 2020ರ ಡಿಸೆಂಬರ್ 16ರಂದು ವಿಚಾರಣಾಧಿಕಾರಿಯು, ವಾಯುಮಾಲಿನ್ಯವು ಈ ಮರಣಕ್ಕೆ ಒಂದು ಕಾರಣವೆಂದು ತೀರ್ಪಿತ್ತರು. ಅವಳು ಉಸಿರಾಡಿದ ಗಾಳಿಯಲ್ಲಿ ಸಾರಜನಕದ ಡೈಆಕ್ಸೈಡು ಮಿತಿಯನ್ನು ಮೀರಿತ್ತು, ಅದು ಮುಖ್ಯವಾಗಿ ವಾಹನಗಳಿಂದ ಬಂದದ್ದು, ಎಂಬುದೂ ಆ ತೀರ್ಪಿನಲ್ಲಿದೆ. ಇಂಗ್ಲೆಂಡಿನಲ್ಲಿ ಮರಣದ ಕಾರಣವಾಗಿ ವಾಯುಮಾಲಿನ್ಯವನ್ನು ಬರೆದದ್ದು ಅದೇ ಮೊದಲು. ಸಾವಿರಾರು ಹೆಸರಿಲ್ಲದವರ ಪರವಾಗಿ ಆ ಬಾಲೆ ಒಬ್ಬಳೇ ಸಾಕ್ಷಿ ನುಡಿದಂತಾಯಿತು.

ದಂಡಗಳೇನೋ ಬಿದ್ದವು. ಅಮೆರಿಕದಲ್ಲಿ 2016ರಲ್ಲಿ 1,470 ಕೋಟಿ ಡಾಲರುಗಳವರೆಗಿನ ರಾಜಿ. 2017ರಲ್ಲಿ ಕಂಪನಿಯ ತಪ್ಪೊಪ್ಪಿಗೆ, 280 ಕೋಟಿ ಡಾಲರುಗಳ ದಂಡ. ಅಲ್ಲಿಯೇ ಇಬ್ಬರಿಗೆ ಸೆರೆವಾಸ. ಜರ್ಮನಿಯ ಬ್ರೌನ್‌ಶ್ವೈಗ್ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಹಿಂದಿನ ನಾಲ್ವರು ಅಧಿಕಾರಿಗಳನ್ನು ಅಪರಾಧಿಗಳೆಂದು ನಿರ್ಣಯಿಸಿ, ಅವರಲ್ಲಿ ಇಬ್ಬರಿಗೆ ಸೆರೆವಾಸ ವಿಧಿಸಿತು. ಹಣದ ನಷ್ಟವನ್ನು ಹಣದಿಂದ ತುಂಬಬಹುದು. ಕಾರು ಕೊಂಡವನಿಗೆ ಪರಿಹಾರ ಸಿಕ್ಕಿತು. ಅದರ ಹಿಂದೆ ನಡೆದು ಹೋದವನಿಗೆ ಏನು ಸಿಕ್ಕಿತು?

ನಮ್ಮ ಬೀದಿಯಲ್ಲಿ

ಇದೆಲ್ಲವೂ ದೂರದೇಶದ ಮಾತೆಂದು ನಾವು ನಿಶ್ಚಿಂತರಾಗುವಂತಿಲ್ಲ. 2015ರ ಡಿಸೆಂಬರಿನಲ್ಲಿ ಭಾರತದಲ್ಲಿಯೂ ಆ ಕಂಪನಿ 3,23,700 ಕಾರುಗಳನ್ನು ಸರಿಪಡಿಸುವುದಕ್ಕಾಗಿ ಹಿಂದಕ್ಕೆ ಕರೆಯಿತು. ದಾರಿಯ ಮೇಲಿನ ಅಳತೆಯಲ್ಲಿ ಅವು ಅಂದಿನ ಮಿತಿಗಿಂತ 1.1ರಿಂದ 2.6 ಪಟ್ಟು ಹೆಚ್ಚು ಆಕ್ಸೈಡು ಬಿಡುತ್ತಿದ್ದುದು ಕಂಡುಬಂದಿತ್ತು. ಭಾರತದ ನಿಯಮವನ್ನು ತಾನು ಮುರಿದಿಲ್ಲವೆಂದು ಕಂಪನಿ ವಾದಿಸಿತು. 2019ರ ಮಾರ್ಚಿಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು 500 ಕೋಟಿ ರೂಪಾಯಿ ದಂಡ ವಿಧಿಸಿತು. ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆಯಿತ್ತಿತು. ಕಂಪನಿಯ ವಾದದಲ್ಲಿ ಒಂದು ಕಹಿಯಾದ ಸತ್ಯವಿತ್ತು. ಆಗ ನಮ್ಮಲ್ಲಿ ದಾರಿಯ ಮೇಲಿನ ನಡತೆಗೆ ನಿಯಮವೇ ಇರಲಿಲ್ಲ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ಬಿಗಿಯಾದ ಮಿತಿಯೂ, 2023ರ ಏಪ್ರಿಲಿನಿಂದ ಓಡುವ ದಾರಿಯಲ್ಲಿಯೇ ಅಳೆಯುವ ಪರೀಕ್ಷೆಯೂ ಬಂದವು. ಆದರೆ ಇವು ಹೊಸ ಗಾಡಿಗಳಿಗೆ. ಹಳೆಯವು ಹಾಗೆಯೇ ಓಡುತ್ತಿವೆ.

ಈಚೆಗೆ ನಾನು ಬಾಡಿಗೆಗೆ ಹಿಡಿದಿದ್ದ ಡೀಸೆಲ್ ಗಾಡಿಯ ಚಾಲಕನು ದಾರಿಯಲ್ಲಿ, "ಎಮಿಷನ್ ಟೆಸ್ಟ್ ಮಾಡಿಸ್ಬೇಕು, ಐದೇ ನಿಮಿಷ ಸಾರ್" ಎಂದು ಪೆಟ್ರೋಲ್ ಬಂಕಿನ ಪಕ್ಕದಲ್ಲಿ ನಿಲ್ಲಿಸಿದನು. ನಿಲ್ಲಿಸುವ ಮೊದಲು ಎರಡು ಮೂರು ಸಲ ಇಂಜಿನನ್ನು ಜೋರಾಗಿ ಗುರುಗುಟ್ಟಿಸಿದನು. ಏಕೆಂದು ಕೇಳಿದೆ. "ಒಳಗಿನ ಮಸಿ ಎಲ್ಲ ಇಲ್ಲೇ ಉದುರಿಹೋಗ್ಲಿ ಅಂತ ಸಾರ್. ಆಮೇಲೆ ಪಾಸಾಗತ್ತೆ" ಎಂದನು. ತಪಾಸಣೆಯ ಹುಡುಗನು ನಳಿಗೆಗೆ ಒಂದು ಕಡ್ಡಿ ತೂರಿಸಿ, ಗಾಡಿಯ ನಂಬರಿನ ಫೋಟೋ ಹಿಡಿದು, ಚೀಟಿ ಹರಿದು ಕೊಟ್ಟನು.

"ಇದರಲ್ಲಿ ಏನೇನು ಅಳೀತೀಯಪ್ಪ?" ಎಂದು ಕೇಳಿದೆ.

"ಹೊಗೆ ಎಷ್ಟು ಕಪ್ಪಗಿದೆ ಅಂತ ಸಾರ್, ಡೀಸೆಲ್ಲಿಗೆ ಅಷ್ಟೇ" ಎಂದನು.

ಹುಡುಗ ಹೇಳಿದ್ದು ನಿಜ. ಕಾಣದ ಸಾರಜನಕದ ಆಕ್ಸೈಡುಗಳನ್ನು ಆ ಚೀಟಿ ಕೇಳುವುದೇ ಇಲ್ಲ. ಕೇಳದ ಪ್ರಶ್ನೆಗೆ ಎಲ್ಲರೂ ಬಲಗೈಯವರೇ. ಚೀಟಿಯನ್ನು ಜೋಪಾನವಾಗಿ ಮಡಿಸಿಟ್ಟ ಆ ಚಾಲಕನನ್ನು ನಾನು ದೂರಲಾರೆ. ಅವನು ದಿನಕ್ಕೆ ಹತ್ತು ಹನ್ನೆರಡು ಗಂಟೆ ಆ ಬೀದಿಯಲ್ಲೇ ಉಸಿರಾಡುವವನು. ನಷ್ಟವಾಗುವುದು ಮೊದಲು ಅವನಿಗೇ.

ಒಂದು ನೆನಪಿನಿಂದ ಈ ಲೇಖನವನ್ನು ಮುಗಿಸುತ್ತೇನೆ. ನಾನು ನಾಲ್ಕನೆಯ ತರಗತಿಯಲ್ಲಿದ್ದ ವರ್ಷ, ಹೊಸದಾಗಿ ಬಂದ ಒಬ್ಬ ಇನ್ಸ್‌ಪೆಕ್ಟರು ಯಾರಿಗೂ ತಿಳಿಸದೆ, ಮುಖ್ಯರಸ್ತೆಯಲ್ಲಿ ಬಸ್ಸಿನಿಂದಿಳಿದು, ಗದ್ದೆಯ ಬದುವಿನ ಮೇಲೆ ನಡೆದುಕೊಂಡು ಶಾಲೆಗೆ ಬಂದರು. ಸುಣ್ಣವಿರಲಿಲ್ಲ, ತೋರಣವಿರಲಿಲ್ಲ. ಅವರು ಮುಂದೆ ಹಾಕಿದ ಕುರ್ಚಿಯನ್ನು ಬಿಟ್ಟು ಹಿಂದಿನ ಸಾಲಿನಲ್ಲಿ ನನ್ನ ಪಕ್ಕದಲ್ಲಿಯೇ ಚಾಪೆಯ ಮೇಲೆ ಕುಳಿತು, "ಹದಿಮೂರರ ಮಗ್ಗಿ ಹೇಳು ಮಗು" ಎಂದರು. ಹದಿಮೂರು ನಾಲ್ಕಲಿ ಎಂಬಲ್ಲಿಗೆ ನನಗೆ ನಿಂತುಹೋಯಿತು. ಮೇಷ್ಟ್ರ ಮುಖ ಬಾಡಿತು. ನನಗೆ ಅಳು ಬಂದಿತು. ಅವರು ಬೈಯಲಿಲ್ಲ. "ಇವನಿಗೆ ಬರುವುದಿಲ್ಲ, ಕಲಿಸಿ" ಎಂದು ಮಾತ್ರ ಮೇಷ್ಟ್ರಿಗೆ ಹೇಳಿ ಎದ್ದರು.

ನಾನು ಮಗ್ಗಿ ಕಲಿತದ್ದು ಆ ವರ್ಷ.